ನಗಿಸುವ ಕಾಯಕ, ಆಳುವ ಕಾಯಕ

ಬೀದರ್ ಜಿಲ್ಲೆಯವರಿಗೆ ನಟಿ ಉಮಾಶ್ರೀ ಅವರ ಪರಿಚಯ ಬರೀ ಪರದೆಯಿಂದ ಆದದ್ದಲ್ಲ. 2013ರಲ್ಲಿ ಸಿದ್ದರಾಮಯ್ಯ ಅವರ ಮೊದಲ ಸರ್ಕಾರ ರಚನೆಯಾದಾಗ ಸಂಪುಟದಲ್ಲಿದ್ದ ಒಬ್ಬರೇ ಮಹಿಳೆ ಅವರು. ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ, ಕನ್ನಡ ಮತ್ತು ಸಂಸ್ಕೃತಿ ಖಾತೆಗಳ ಜೊತೆಗೆ ಬೀದರ್ ಜಿಲ್ಲೆಯ ಉಸ್ತುವಾರಿಯೂ ಅವರ ಪಾಲಿಗೆ ಬಂದಿತ್ತು. ಈಗ ಕಲ್ಯಾಣ ಕರ್ನಾಟಕ ಎನ್ನುವ ಹೈದರಾಬಾದ್ ಕರ್ನಾಟಕಕ್ಕೆ ವಿಶೇಷ ಸ್ಥಾನಮಾನ ಕೊಡುವ ಸಂವಿಧಾನದ 371ಜೆ ವಿಧಿ ಜಾರಿಗೆ ಬಂದ ಹೊತ್ತು ಅದು. ಹುಮನಾಬಾದ್, ಬಸವಕಲ್ಯಾಣ ತಾಲ್ಲೂಕುಗಳ ಕುಡಿಯುವ ನೀರು, ಅಂಗನವಾಡಿ, ರಸ್ತೆಗಳ ಲೆಕ್ಕವನ್ನು ಅಧಿಕಾರಿಗಳು ಒಪ್ಪಿಸುವ ಕೆಡಿಪಿ ಪ್ರಗತಿ ಪರಿಶೀಲನಾ ಸಭೆಯಲ್ಲಿ ಅಧ್ಯಕ್ಷರ ಕುರ್ಚಿ ಉಸ್ತುವಾರಿ ಸಚಿವರದು. ಆ ಕುರ್ಚಿಯಲ್ಲಿ ಕೂತಿದ್ದವರು, ಎಂಟು ವರ್ಷದ ಬಳಿಕ, 2021ರ ಡಿಸೆಂಬರ್‌ನಲ್ಲಿ ಜೀ ಕನ್ನಡ ವಾಹಿನಿಯ ‘ಪುಟ್ಟಕ್ಕನ ಮಕ್ಕಳು’ ಧಾರಾವಾಹಿಯಲ್ಲಿ ಗಂಡ ಕೈಬಿಟ್ಟ, ಮೂರು ಹೆಣ್ಣುಮಕ್ಕಳನ್ನು ಮೆಸ್ ನಡೆಸಿ ಸಾಕುವ ಪುಟ್ಟಕ್ಕನಾಗಿ ಮನೆಮನೆಗೆ ಬಂದರು. ನಡುವೆ 2018ರಲ್ಲಿ ತೇರದಾಳ ಕ್ಷೇತ್ರದಲ್ಲಿ ಸೋತಿದ್ದರು. ಅದಕ್ಕೇ ಈ ಮರಳುವಿಕೆಯನ್ನು ಇಳಿಕೆ ಎಂದು ಓದುವುದು ಸುಲಭ: ಅಧಿಕಾರ ಹೋಯಿತು, ಧಾರಾವಾಹಿಗೆ ಬಂದರು. ಈ ಓದು ಪೂರ್ತಿ ತಪ್ಪು ಎಂಬುದು ನನ್ನ ವಾದ. ತಪ್ಪು ಎಂದು ತೋರಿಸುವ ಅಳತೆಗೋಲಿಗಾಗಿ ದೂರ ಹೋಗಬೇಕಾಗಿಲ್ಲ, ಅದು ಬಸವಕಲ್ಯಾಣದಲ್ಲೇ ಇದೆ.

ಕಲಾವಿದೆಯ ಬದುಕನ್ನು ನಾವು ಏಣಿಯಂತೆ ಓದುತ್ತೇವೆ. ನಾಟಕ ಕೆಳಗಿನ ಮೆಟ್ಟಿಲು, ಸಿನಿಮಾ ಅದರ ಮೇಲಿನದು, ನಾಯಕಿಯ ಪಾತ್ರ ಇನ್ನೂ ಮೇಲೆ, ರಾಜಕೀಯಕ್ಕೆ ಹೋದರೆ ತುದಿ ಮುಟ್ಟಿದಂತೆ. ಹಾಸ್ಯ ಪಾತ್ರವೂ ಧಾರಾವಾಹಿಯೂ ಈ ಲೆಕ್ಕದಲ್ಲಿ ಕೆಳಗಿನವು. ಉಮಾಶ್ರೀ ಅವರ ವೃತ್ತಿಬದುಕನ್ನು ಈ ಏಣಿಗೆ ಒರಗಿಸಿ ನೋಡಿದರೆ ಅದು ನಿಲ್ಲುವುದೇ ಇಲ್ಲ. ತುಮಕೂರು ಜಿಲ್ಲೆಯ ನೊಣವಿನಕೆರೆಯಿಂದ ಬಂದವರು ಮೊದಲು ರಂಗಭೂಮಿಯಲ್ಲಿ ನಿಂತರು. 1984ರ ‘ಅನುಭವ’ ಚಿತ್ರದಿಂದ ಸಿನಿಮಾದಲ್ಲಿ ಗುರುತಾದರು. ಮುಂದೆ ವರ್ಷಗಟ್ಟಲೆ ಹಾಸ್ಯ ಪಾತ್ರಗಳು, ಎನ್.ಎಸ್. ರಾವ್ ಅವರ ಜೋಡಿಯಾಗಿ ಮಾಡಿದವನ್ನು ಜನ ಇಂದಿಗೂ ನೆನೆಯುತ್ತಾರೆ. ಅದೇ ನಟಿಗೆ ಗಿರೀಶ್ ಕಾಸರವಳ್ಳಿ ಅವರ ‘ಗುಲಾಬಿ ಟಾಕೀಸ್’ ಚಿತ್ರಕ್ಕಾಗಿ ರಾಷ್ಟ್ರಮಟ್ಟದ ಶ್ರೇಷ್ಠ ನಟಿ ಪ್ರಶಸ್ತಿ ಬಂತು. ವಿಧಾನ ಪರಿಷತ್ತು, ವಿಧಾನಸಭೆ, ಮಂತ್ರಿಗಿರಿ, ಸೋಲು, ಧಾರಾವಾಹಿ, 2023ರಲ್ಲಿ ಮತ್ತೆ ಪರಿಷತ್ತಿಗೆ ನಾಮಕರಣ. ಇದರ ನಡುವೆಯೇ ಬೇಲೂರು ರಘುನಂದನ್ ಬರೆದು ಚಿದಂಬರರಾವ್ ಜಂಬೆ ನಿರ್ದೇಶಿಸಿದ ‘ಶರ್ಮಿಷ್ಠೆ’ ಎಂಬ ಏಕವ್ಯಕ್ತಿ ನಾಟಕ. ಹತ್ತಿದರು, ಇಳಿದರು ಎಂಬ ಮಾತಿನಲ್ಲಿ ಇದನ್ನು ಹೇಳಲು ಹೊರಟರೆ ಪ್ರತಿ ಎರಡು ವರ್ಷಕ್ಕೊಮ್ಮೆ ಅವರನ್ನು ಹತ್ತಿಸಿ ಇಳಿಸುತ್ತಲೇ ಇರಬೇಕಾಗುತ್ತದೆ. ಹೀಗೆ ಹೇಳಬೇಕಾಗಿ ಬಂದಾಗ ಬದುಕನ್ನಲ್ಲ, ಅಳೆಯುವ ಕೋಲನ್ನು ಅನುಮಾನಿಸಬೇಕು.

ಈ ಕೆಲಸಗಳು ಬೇರೆಬೇರೆಯಾಗಿ ಕಂಡರೂ ಒಳಗಿನ ವಿದ್ಯೆ ಒಂದೇ ಎನ್ನುವುದಕ್ಕೆ ಗಟ್ಟಿಯಾದ ಸಾಕ್ಷಿ ಅವರ ಬಾಯಲ್ಲಿ ಬಂದ ಕನ್ನಡಗಳು. ದೇವನೂರ ಮಹಾದೇವ ಅವರ ‘ಒಡಲಾಳ’ ರಂಗಕ್ಕೆ ಬಂದಾಗ ಉಮಾಶ್ರೀ ಸಾಕವ್ವನಾದರು: ಕಳೆದುಹೋದ ಹುಂಜವನ್ನು ಹುಡುಕುತ್ತ ಊರೆಲ್ಲ ಸುತ್ತುವ ಮುದುಕಿ. ಅಲ್ಲಿ ಆಡಬೇಕಾದದ್ದು ನಂಜನಗೂಡು ಸೀಮೆಯ ದಲಿತ ಕೇರಿಯ ಕನ್ನಡ. ‘ಗುಲಾಬಿ ಟಾಕೀಸ್’ಗೆ ಬಂದರೆ ಅದು ಕುಂದಾಪುರ ಕಡೆಯ ಕರಾವಳಿಯ ಕನ್ನಡ, ಅದನ್ನೂ ಒಬ್ಬ ಬಡ ಮುಸ್ಲಿಂ ಸೂಲಗಿತ್ತಿಯ ದನಿಯಲ್ಲಿ ಆಡಬೇಕು. ‘ಪುಟ್ಟಕ್ಕನ ಮಕ್ಕಳು’ ಧಾರಾವಾಹಿಯದು ಮಂಡ್ಯದ ಮಾತು. ಮತ ಕೇಳಲು ಹೋದ ತೇರದಾಳದಲ್ಲಿ, ರಬಕವಿ-ಬನಹಟ್ಟಿಯ ನೇಕಾರರ ಓಣಿಗಳಲ್ಲಿ ಕಿವಿಗೆ ಬೀಳುವುದು ಇನ್ನೊಂದು ಕನ್ನಡ. ಬೀದರಿನದು ಮತ್ತೂ ಬೇರೆ. ಪದಕೋಶ ನೋಡಿ ಇಷ್ಟು ಕನ್ನಡ ಕಲಿಯಲಾಗುವುದಿಲ್ಲ. ಎದುರಿಗಿರುವವರ ಉಸಿರು ಎಲ್ಲಿ ನಿಲ್ಲುತ್ತದೆ, ಸಿಟ್ಟು ಬಂದಾಗ ಮಾತು ಏರುತ್ತದೋ ಇಳಿಯುತ್ತದೋ ಎಂದು ಕಿವಿಗೊಟ್ಟವರಿಗೆ ಮಾತ್ರ ಅದು ದಕ್ಕುತ್ತದೆ. ನಟಿಗೆ ಬೇಕಾದ ಕಿವಿ ಅದು. ಅರ್ಜಿ ಹಿಡಿದು ಬಂದ ವಿಧವೆಯ ಮಾತು ಕೇಳುವ ಮಂತ್ರಿಗೂ ಬೇಕಾದದ್ದು ಅದೇ. ಅವರ ಆಡಳಿತ ಎಷ್ಟು ಚೆನ್ನಾಗಿತ್ತು ಎಂಬುದಕ್ಕೆ ಬೇರೆ ಲೆಕ್ಕಗಳಿವೆ, ಆ ತೀರ್ಪು ಇಲ್ಲಿ ಬೇಡ. ನಾನು ಹೇಳುತ್ತಿರುವುದು ಇಷ್ಟು: ಒಂದು ಕೆಲಸದಲ್ಲಿ ಕಲಿತದ್ದು ಇನ್ನೊಂದರಲ್ಲಿ ವ್ಯರ್ಥವಾಗಿಲ್ಲ.

‘ಗುಲಾಬಿ ಟಾಕೀಸ್’ ಬಗ್ಗೆ ಸ್ವಲ್ಪ ನಿಂತು ಹೇಳಬೇಕು, ಏಕೆಂದರೆ ಧಾರಾವಾಹಿಯನ್ನು ಕೀಳಾಗಿ ಕಾಣುವವರಿಗೆ ಅದರಲ್ಲೇ ಉತ್ತರವಿದೆ. ವೈದೇಹಿ ಅವರ ಕಥೆಯನ್ನು ಆಧರಿಸಿದ ಈ ಚಿತ್ರದ ಗುಲಾಬಿಗೆ ಸಿನಿಮಾ ಎಂದರೆ ಪ್ರಾಣ. ಹೆರಿಗೆ ಮಾಡಿಸಿದ್ದಕ್ಕೆ ಪ್ರತಿಯಾಗಿ ಒಂದು ಮನೆಯವರು ಅವಳಿಗೆ ಬಣ್ಣದ ಟಿ.ವಿ. ಕೊಡಿಸುತ್ತಾರೆ. ಗುಡಿಸಲಿನಂಥ ಮನೆಗೆ ಟಿ.ವಿ. ಬಂದದ್ದೇ ತಡ, ಬೆಸ್ತರ ಕೇರಿಯ ಹೆಂಗಸರು ಅಲ್ಲಿ ಸೇರತೊಡಗುತ್ತಾರೆ. ಇವಳು ಮುಸ್ಲಿಮಳೆಂದು ಕೆಲವರು ಬರುವುದಿಲ್ಲ, ಕೆಲವರು ಹೊಸ್ತಿಲಾಚೆಯೇ ನಿಂತು ನೋಡುತ್ತಾರೆ. ಆ ಹೊಸ್ತಿಲನ್ನು ನೆನಪಿನಲ್ಲಿ ಇಟ್ಟುಕೊಳ್ಳಿ. ಒಳಗೆ ಬರಲು ಜಾತಿ, ಧರ್ಮ ಬಿಡದ ಹೆಂಗಸು ಪರದೆಯ ಬೆಳಕಿಗಾಗಿ ಹೊಸ್ತಿಲಿನವರೆಗಾದರೂ ಬರುತ್ತಾಳೆ. ಸಂಜೆಯ ಟಿ.ವಿ. ನಮ್ಮ ಹೆಣ್ಣುಮಕ್ಕಳ ಬದುಕಿನಲ್ಲಿ ಏನಾಗಿದೆ ಎಂಬುದನ್ನು ಇದಕ್ಕಿಂತ ಸ್ಪಷ್ಟವಾಗಿ ತೋರಿಸಿದ ಕನ್ನಡ ಚಿತ್ರ ನನಗೆ ತಿಳಿದಂತೆ ಇನ್ನೊಂದಿಲ್ಲ. ಟಾಕೀಸಿಗೆ ಒಬ್ಬಳೇ ಹೋಗಲಾಗದವಳಿಗೆ ಟಾಕೀಸು ಮನೆಗೆ ಬರುತ್ತದೆ. ಆ ಪರದೆಯ ಮುಂದೆ ಕೂತವಳ ಪಾತ್ರ ಮಾಡಿ ರಾಷ್ಟ್ರಪ್ರಶಸ್ತಿ ಪಡೆದ ನಟಿ, ಹದಿಮೂರು ವರ್ಷದ ಬಳಿಕ ಅದೇ ಪರದೆಯೊಳಗೆ ಪುಟ್ಟಕ್ಕನಾಗಿ ಬಂದು ಕೂತರು. ಮೊದಲನೆಯದನ್ನು ಕಲೆ ಎಂದು ಕೊಂಡಾಡಿ ಎರಡನೆಯದನ್ನು ಹೊಟ್ಟೆಪಾಡು ಎಂದು ತಳ್ಳಿಹಾಕುವುದೆಂದರೆ ಗುಲಾಬಿಯಂಥ ಹೆಂಗಸರ ಬಗ್ಗೆ ಚಿತ್ರ ಮಾಡಿದರೆ ಗೌರವ, ಗುಲಾಬಿಯಂಥ ಹೆಂಗಸರಿಗಾಗಿ ನಟಿಸಿದರೆ ಸದರ ಎಂದಂತಾಗುತ್ತದೆ.

ಇನ್ನು ಬಸವಕಲ್ಯಾಣದ ಅಳತೆಗೋಲಿನ ಮಾತು. ಹನ್ನೆರಡನೇ ಶತಮಾನದಲ್ಲಿ ಅಲ್ಲಿ ನೆರೆದಿದ್ದ ಶರಣರ ಹೆಸರುಗಳನ್ನು ನಾವು ಭಕ್ತಿಯಿಂದ ಹೇಳುತ್ತೇವೆ, ಆದರೆ ಹೆಸರಿನ ಹಿಂದಿರುವ ಉದ್ಯೋಗವನ್ನು ನಿಂತು ನೋಡುವುದು ಕಡಿಮೆ. ಮಡಿವಾಳ ಮಾಚಯ್ಯ, ಅಂಬಿಗರ ಚೌಡಯ್ಯ, ಸಮಗಾರ ಹರಳಯ್ಯ ಎಲ್ಲರ ಬಾಯಲ್ಲಿದ್ದಾರೆ. ನಗೆಯ ಮಾರಿತಂದೆ ಎಂಬ ಶರಣನೂ ಇದ್ದ. ಜನರನ್ನು ನಗಿಸುವುದೇ ಅವನ ಕಾಯಕ. ‘ಆತುರವೈರಿ ಮಾರೇಶ್ವರ’ ಎಂಬ ಅಂಕಿತದಲ್ಲಿ ಅವನ ವಚನಗಳಿವೆ. ಬಹುರೂಪಿ ಚೌಡಯ್ಯ ಇದ್ದ. ವೇಷ ಹಾಕಿ ಬಹುರೂಪ ಆಡುವುದು ಅವನ ಕಾಯಕ, ‘ರೇಕಣ್ಣಪ್ರಿಯ ನಾಗಿನಾಥ’ ಅವನ ಅಂಕಿತ. ಕಲಕೇತಯ್ಯ, ಡಕ್ಕೆಯ ಬೊಮ್ಮಣ್ಣ ಕೂಡ ಪ್ರದರ್ಶನ ಕಲೆಯಿಂದಲೇ ಬದುಕಿದವರು. ನಗಿಸುವವನೂ ವೇಷ ಹಾಕುವವನೂ ಸೇರಿದ್ದ ಈ ಶರಣ ಬಳಗಕ್ಕೆ ಮುಂದಾಳಾಗಿದ್ದ ಬಸವಣ್ಣ ಬಿಜ್ಜಳನ ಭಂಡಾರಿ, ಮಂತ್ರಿ. ಮಂತ್ರಿಯ ಕಾಯಕ ದೊಡ್ಡದು, ವಿದೂಷಕನದು ಸಣ್ಣದು ಎಂಬ ಲೆಕ್ಕವನ್ನು ಒಪ್ಪದೇ ಹೋದದ್ದರಲ್ಲೇ ಆ ಚಳವಳಿಯ ಹೊಸತನ ಇತ್ತು. ಕೆಲಸ ಯಾವುದೆಂದು ಅವರು ಕೇಳಲಿಲ್ಲ. ಹೇಗೆ ಮಾಡಿದೆ, ಅದರಿಂದ ಬಂದದ್ದನ್ನು ಏನು ಮಾಡಿದೆ ಎಂದು ಕೇಳಿದರು. ಇಂದು 108 ಅಡಿಯ ಬಸವಣ್ಣನ ಪ್ರತಿಮೆಯ ಮುಂದೆ ಕೈಮುಗಿದು ಬರುವ ನಾವು ಹಾಸ್ಯನಟಿಯಾಗಿದ್ದವಳು ಮಂತ್ರಿಯಾದಳಲ್ಲ ಎಂದು ಬೆರಗಾಗುವುದೂ, ಮಂತ್ರಿಯಾಗಿದ್ದವಳು ಧಾರಾವಾಹಿ ಮಾಡಿದಳಲ್ಲ ಎಂದು ಮರುಗುವುದೂ ಕಲ್ಯಾಣದ ಅಳತೆಗೆ ಹೊಂದುವ ಮಾತಲ್ಲ.

ಇದಕ್ಕೆ ಬರಬಹುದಾದ ಮೊದಲ ಆಕ್ಷೇಪ ಗಂಭೀರವಾದದ್ದು. ಶರಣರ ಕಾಯಕಕ್ಕೂ ಟಿ.ಆರ್.ಪಿ.ಗಾಗಿ ಓಡುವ ವಾಹಿನಿಯ ಸಂಬಳದ ಕೆಲಸಕ್ಕೂ ಎಲ್ಲಿಯ ಹೋಲಿಕೆ ಎಂದು ಕೇಳಬಹುದು. ಧಾರಾವಾಹಿಯ ಮೂಲವೇ ವ್ಯಾಪಾರ ಎನ್ನುವುದು ನಿಜ. 1930ರ ದಶಕದ ಅಮೆರಿಕದಲ್ಲಿ ಸೋಪಿನ ಕಂಪನಿಗಳು ಗೃಹಿಣಿಯರಿಗಾಗಿ ರೇಡಿಯೊ ಧಾರಾವಾಹಿಗಳನ್ನು ನಡೆಸಿದ್ದರಿಂದಲೇ ಅವಕ್ಕೆ ಸೋಪ್ ಒಪೆರಾ ಎಂಬ ಹೆಸರು ಬಂದದ್ದು. ಆದರೆ ಶರಣರ ಕಾಯಕವೂ ಪುಕ್ಕಟೆಯಾಗಿರಲಿಲ್ಲ. ಮಾಚಯ್ಯ ಬಟ್ಟೆ ಒಗೆದು, ಹರಳಯ್ಯ ಚಪ್ಪಲಿ ಹೊಲಿದು ಬಾಳಿದರು. ದುಡಿದು ಉಣ್ಣಬೇಕು, ಉಳಿದದ್ದನ್ನು ಹಂಚಬೇಕು ಎಂಬುದು ಅವರ ನಿಲುವು. ಕೂಲಿ ಪಡೆದದ್ದರಿಂದ ಕೆಲಸ ಕೀಳಾಗುವುದಿಲ್ಲ. ಇದೇ ಆಕ್ಷೇಪದ ಇನ್ನೊಂದು ಮುಖ ಇನ್ನೂ ಚೂಪಾದದ್ದು: ಎಂಬತ್ತು, ತೊಂಬತ್ತರ ದಶಕದ ಹಾಸ್ಯದಲ್ಲಿ ದ್ವಂದ್ವಾರ್ಥದ ಮಾತುಗಳು ಬೇಕಾದಷ್ಟು ಇದ್ದವು, ಅದೂ ಕಾಯಕವೇ? ಆ ಸಂಭಾಷಣೆಗಳು ಚೆನ್ನಾಗಿದ್ದವು ಎಂದು ನಾನು ಹೇಳಲಾರೆ. ಆದರೆ ಅವನ್ನು ಬರೆದವರು, ನಿರ್ದೇಶಿಸಿದವರು, ಸಿಳ್ಳೆ ಹೊಡೆದವರು ಎಲ್ಲ ಮರೆಯಾಗಿ, ಆಡಿದ ನಟಿಯ ಕೊರಳಿಗೆ ಮಾತ್ರ ಆ ಹೆಸರು ನೇತುಬೀಳುತ್ತದೆ. ಕಪ್ಪು ಬಣ್ಣದ, ನಾಯಕಿಯ ಅಚ್ಚಿಗೆ ಹೊಂದದ ಹೆಣ್ಣಿಗೆ ಅಂದಿನ ಚಿತ್ರರಂಗ ತೆರೆದಿಟ್ಟಿದ್ದ ಬಾಗಿಲು ಅದೊಂದೇ. ಆ ಬಾಗಿಲಿನಿಂದಲೇ ಒಳಹೊಕ್ಕು ಗುಲಾಬಿಯವರೆಗೆ ತಲುಪಿದವರನ್ನು ಕೇಳಬೇಕಾದ ಪ್ರಶ್ನೆ ಇದಲ್ಲ. ಬಾಗಿಲು ಯಾಕೆ ಅಷ್ಟು ಕಿರಿದಾಗಿತ್ತು ಎಂದು ಚಿತ್ರರಂಗವನ್ನು ಕೇಳಬೇಕು.

ಎರಡನೆಯ ಆಕ್ಷೇಪ ಹಳೆಯದು: ಎಲ್ಲದರಲ್ಲೂ ಕೈಯಾಡಿಸಿದವರು ಯಾವುದರಲ್ಲೂ ಆಳಕ್ಕೆ ಇಳಿಯುವುದಿಲ್ಲ. ಇದಕ್ಕೆ ಕಲ್ಯಾಣ ಕರ್ನಾಟಕದಲ್ಲೇ ಹುಟ್ಟಿದ ಇನ್ನೊಬ್ಬ ಕಲಾವಿದೆಯ ಬದುಕು ಉತ್ತರ ಕೊಡುತ್ತದೆ. ವೈಶಾಲಿ ಕಾಸರವಳ್ಳಿ 1952ರಲ್ಲಿ ಕಲಬುರಗಿಯಲ್ಲಿ ಹುಟ್ಟಿದವರು. ರಂಗಭೂಮಿಯಲ್ಲಿ ಬೆಳೆದರು, ‘ಫಣಿಯಮ್ಮ’, ‘ಆಕ್ರಮಣ’ದಂಥ ಚಿತ್ರಗಳಲ್ಲಿ ನಟಿಸಿದರು. 1997ರ ‘ತಾಯಿ ಸಾಹೇಬ’ ಚಿತ್ರದಲ್ಲಿ ಅವರಿಗೆ ರಾಷ್ಟ್ರಪ್ರಶಸ್ತಿ ಬಂದದ್ದು ನಟನೆಗಲ್ಲ, ವಸ್ತ್ರವಿನ್ಯಾಸಕ್ಕೆ. ಆಮೇಲೆ ಧಾರಾವಾಹಿಗಳ ನಿರ್ದೇಶಕಿಯಾಗಿ ‘ಮೂಡಲ ಮನೆ’ ಮಾಡಿದರು, ‘ಮುತ್ತಿನ ತೋರಣ’ ಮಾಡಿದರು. 2010ರ ಸೆಪ್ಟೆಂಬರ್‌ನಲ್ಲಿ ತೀರಿಕೊಂಡಾಗ ಅವರನ್ನು ಜನ ನೆನೆದದ್ದು ‘ಮೂಡಲ ಮನೆ’ಯ ಹೆಸರಿನಲ್ಲೇ ಹೆಚ್ಚು. ಆ ಧಾರಾವಾಹಿ ಬೆಂಗಳೂರಿನ ಡ್ರಾಯಿಂಗ್ ರೂಮು ಬಿಟ್ಟು ಉತ್ತರ ಕರ್ನಾಟಕದ ಒಂದು ತುಂಬು ಮನೆಯನ್ನು, ಅಲ್ಲಿಯ ಮಾತನ್ನು ದಿನವೂ ನಾಡಿನ ಮುಂದಿಟ್ಟಿತು. ಯಾವ ಹೆಂಗಸು ಯಾವ ಸೀರೆಯನ್ನು ಯಾವ ಹೊತ್ತಿಗೆ ಹೇಗೆ ಉಡುತ್ತಾಳೆ ಎಂದು ಬಲ್ಲ ವಸ್ತ್ರವಿನ್ಯಾಸಕಿ, ಮಾತು ಎಲ್ಲಿ ತಡವರಿಸುತ್ತದೆ ಎಂದು ಬಲ್ಲ ನಟಿ, ಇಬ್ಬರೂ ಒಬ್ಬ ನಿರ್ದೇಶಕಿಯೊಳಗೆ ಇದ್ದದ್ದರಿಂದಲೇ ಆ ಮನೆ ಸೆಟ್ಟಿನಂತೆ ಕಾಣದೆ ಮನೆಯಂತೆ ಕಂಡಿತು. ಹಲವು ಕೆಲಸ ಆಳವನ್ನು ಕೆಡಿಸಲಿಲ್ಲ, ಆಳ ಬಂದದ್ದೇ ಅಲ್ಲಿಂದ.

ಇಂಥ ಬದುಕು ಬೇರೆ ದೇಶಗಳಲ್ಲೂ ಇದೆ, ಆದರೆ ದಿಕ್ಕು ಬೇರೆ. ಆಸ್ಟ್ರೇಲಿಯಾದಲ್ಲಿ 1985ರಲ್ಲಿ ಆರಂಭವಾದ ‘ನೇಬರ್ಸ್’ ಧಾರಾವಾಹಿಯಿಂದ ಕೈಲಿ ಮಿನೋಗ್ ಪಾಪ್ ಗಾಯಕಿಯಾಗಿ ಹೊರಬಂದರು, ಮುಂದೆ ಅದೇ ಧಾರಾವಾಹಿಯಿಂದ ಮಾರ್ಗೊ ರಾಬಿ ಹಾಲಿವುಡ್‌ಗೆ ಹೋಗಿ ನಿರ್ಮಾಪಕಿಯೂ ಆದರು. ಅಲ್ಲಿ ಧಾರಾವಾಹಿ ಎಳೆಯರಿಗೆ ಹೊರಡುವ ನಿಲ್ದಾಣ. ಕನ್ನಡದಲ್ಲಿ ಅದು ಹಿರಿಯ ನಟಿಯರಿಗೆ ನಡುಮನೆ. ಕಾರಣ ಕಣ್ಣಿಗೆ ಕಾಣುವಂಥದ್ದು: ನಮ್ಮ ಸಿನಿಮಾದಲ್ಲಿ ನಾಯಕನಿಗೆ ಐವತ್ತಾದರೂ ನಾಯಕನೇ, ನಾಯಕಿಗೆ ಮೂವತ್ತು ದಾಟಿದರೆ ಅತ್ತಿಗೆ, ನಲವತ್ತಕ್ಕೆ ತಾಯಿ. ಅರವತ್ತು ದಾಟಿದ ಹೆಣ್ಣಿನ ಹೆಸರಿನಲ್ಲೇ ಕಥೆ ಕಟ್ಟಿ, ಅವಳ ದುಡಿಮೆ, ಅವಳ ಹಟ, ಮಗಳನ್ನು ಅಧಿಕಾರಿಯಾಗಿ ಮಾಡಬೇಕೆಂಬ ಅವಳ ಆಸೆಯನ್ನು ವರ್ಷಗಟ್ಟಲೆ ನಡುವಿಗಿಟ್ಟು ನಡೆಸಿದ್ದು ಸಿನಿಮಾ ಅಲ್ಲ, ಧಾರಾವಾಹಿ. ಉಮಾಶ್ರೀ ಅಲ್ಲಿಗೆ ಹೋದದ್ದು ಕೆಲಸ ಇದ್ದ ಕಡೆಗೆ. ಬ್ರಿಟನ್ನಿನ ನಟಿ ಗ್ಲೆಂಡಾ ಜ್ಯಾಕ್ಸನ್ ಎರಡು ಆಸ್ಕರ್ ಪಡೆದು, 1992ರಿಂದ 2015ರವರೆಗೆ ಸಂಸತ್ ಸದಸ್ಯೆಯಾಗಿದ್ದು, ಎಂಬತ್ತರ ವಯಸ್ಸಿನಲ್ಲಿ ಲಂಡನ್ನಿನ ರಂಗದ ಮೇಲೆ ಕಿಂಗ್ ಲಿಯರ್ ಆಗಿ ನಿಂತಾಗ ಅದನ್ನು ಜಗತ್ತು ಮಹಾನಟಿಯೊಬ್ಬರ ಮರಳುವಿಕೆ ಎಂದು ಕೊಂಡಾಡಿತು. ಶೇಕ್ಸ್‌ಪಿಯರನ ರಾಜನಾಗಿ ಮರಳಿದರೆ ಗೆಲುವು, ಮೆಸ್ಸಿನ ಒಲೆಯ ಮುಂದೆ ಕೂತ ಪುಟ್ಟಕ್ಕನಾಗಿ ಮರಳಿದರೆ ಇಳಿಕೆ ಎನ್ನುವುದಾದರೆ ನಾವು ನಟನೆಯನ್ನು ನೋಡುತ್ತಿಲ್ಲ, ಪಾತ್ರದ ಅಂತಸ್ತನ್ನು ನೋಡುತ್ತಿದ್ದೇವೆ.

ಕೆಲಸದ ಕಷ್ಟವನ್ನಾದರೂ ಸ್ವಲ್ಪ ಹತ್ತಿರದಿಂದ ನೋಡಬೇಕು. ಸಿನಿಮಾದಲ್ಲಿ ಒಂದು ಭಾವವನ್ನು ಎರಡು ಗಂಟೆಯೊಳಗೆ ತೂಗಿಸಿದರೆ ಮುಗಿಯಿತು. ದಿನದ ಧಾರಾವಾಹಿಯಲ್ಲಿ ಅದೇ ತಾಯಿ ಇಂದು ಅತ್ತದ್ದಕ್ಕಿಂತ ನಾಳೆ ಬೇರೆ ಥರ ಅಳಬೇಕು, ಆರು ತಿಂಗಳ ಹಿಂದೆ ತಲೆ ಎತ್ತಿದ್ದ ರೀತಿಯನ್ನು ಮರೆಯಬಾರದು. ಸಂಭಾಷಣೆ ಕೈಗೆ ಸಿಗುವುದು ಶಾಟ್‌ಗೆ ಕೊಂಚ ಮುಂಚೆ. ಎಷ್ಟೋ ಸಲ ಸಹಾಯಕ ನಿರ್ದೇಶಕರು ಪಕ್ಕದಿಂದ ಪ್ರಾಂಪ್ಟ್ ಮಾಡುತ್ತಿರುತ್ತಾರೆ. ಕ್ಯಾಮೆರಾ ಮುಖಕ್ಕೆ ಹತ್ತಿರ ಬಂದು, ಹಿನ್ನೆಲೆ ಸಂಗೀತ ಮುಗಿಯುವವರೆಗೂ ಅಲ್ಲೇ ನಿಲ್ಲುತ್ತದೆ. ಆ ಹೊತ್ತಿನಲ್ಲಿ ಸುಮ್ಮನೆ ನೋಡುತ್ತಿರುವುದೂ ಸುಳ್ಳಾಗದಂತೆ ನೋಡುವುದು ರಂಗದ ಮೇಲೆ ಉಸಿರು ಕಟ್ಟಿ ಪಳಗಿದವರಿಗೆ ಮಾತ್ರ ಬರುವ ವಿದ್ಯೆ.

ಆದರೆ ಧಾರಾವಾಹಿಗಳಲ್ಲಿ ಇರುವುದು ಏನು ಎಂಬ ಮೂರನೆಯ ಆಕ್ಷೇಪವನ್ನು ನಾನು ಅರ್ಧ ಒಪ್ಪುತ್ತೇನೆ. ಅತ್ತೆ ಸೊಸೆಗೆ ವಿಷವಿಡುವುದು, ಎರಡನೆಯ ಹೆಂಡತಿ ಎಂದರೆ ರಾಕ್ಷಸಿಯೇ ಆಗಿರುವುದು, ಒಂದು ಮದುವೆಯನ್ನು ತಿಂಗಳುಗಟ್ಟಲೆ ಎಳೆಯುವುದು ಇವೆಲ್ಲ ಇವೆ. ‘ಪುಟ್ಟಕ್ಕನ ಮಕ್ಕಳು’ ಕೂಡ ಎರಡನೆಯ ಹೆಂಡತಿಯ ವಿಷಯದಲ್ಲಿ ಆ ಜಾಡನ್ನು ಬಿಡಲಿಲ್ಲ. ಗಂಡು ಹೆರಲಿಲ್ಲವೆಂದು ಹೆಂಡತಿಯನ್ನು ಬಿಟ್ಟ ಗಂಡನಿಗಿಂತ ಅವನನ್ನು ಕಟ್ಟಿಕೊಂಡವಳೇ ದೊಡ್ಡ ಖಳನಾಯಕಿಯಾಗುವುದು ನ್ಯಾಯವಲ್ಲ. ಆದರೆ ಈ ದೋಷಗಳು ಉಳಿದುಕೊಂಡಿರುವುದಕ್ಕೆ ನಮ್ಮ ಏಣಿಯ ಲೆಕ್ಕವೂ ಒಂದು ಕಾರಣ. ಸಿನಿಮಾಕ್ಕೆ ವಿಮರ್ಶೆ ಬರೆಯುತ್ತೇವೆ, ನಾಟಕಕ್ಕೆ ವಿಚಾರಸಂಕಿರಣ ಮಾಡುತ್ತೇವೆ. ಲಕ್ಷಾಂತರ ಮನೆಗಳಲ್ಲಿ ದಿನವೂ ಅರ್ಧ ಗಂಟೆ ನಡೆಯುವ ಕಥೆಯನ್ನು ಮಾತ್ರ ಹೆಂಗಸರ ಟೈಂಪಾಸ್ ಎಂದು ಬಿಟ್ಟುಬಿಡುತ್ತೇವೆ. ಯಾರೂ ಕೇಳದ ಕಡೆ ಯಾರು ತಿದ್ದಿಕೊಳ್ಳುತ್ತಾರೆ?

ಈ ಉಪೇಕ್ಷೆಯ ನಷ್ಟ ಹುಮನಾಬಾದ್, ಬಸವಕಲ್ಯಾಣದವರಿಗೇ ಹೆಚ್ಚು. ಪುಣೆ-ಹೈದರಾಬಾದ್ ಹೆದ್ದಾರಿ ಹಾದುಹೋಗುವ ಈ ಸೀಮೆಯಲ್ಲಿ ಕನ್ನಡಕ್ಕೆ ಮರಾಠಿ, ಉರ್ದು, ತೆಲುಗು ಮೂರೂ ನೆರೆ. ರಿಮೋಟಿನ ಒಂದು ಗುಂಡಿ ಒತ್ತಿದರೆ ಮರಾಠಿ ಧಾರಾವಾಹಿ, ಇನ್ನೊಂದಕ್ಕೆ ಹಿಂದಿ. ಕನ್ನಡದ ವಾಹಿನಿ ಹಾಕಿದರೆ ಬರುವುದು ಮಂಡ್ಯದ ಮಾತು, ಬೆಂಗಳೂರಿನ ಮಾತು, ಅಪರೂಪಕ್ಕೆ ಧಾರವಾಡದ ಮಾತು. ಉತ್ತರ ಕರ್ನಾಟಕ ಎಂದರೆ ಅಷ್ಟೇ ಎಂದು ತಿಳಿದವರೇ ಬಹಳ. ಹುಬ್ಬಳ್ಳಿಯವರು ‘ಏನ್ ಮಾಡಾಕತ್ತೀರಿ’ ಎಂದರೆ ಬೀದರಿನವರು ‘ಏನ್ ಮಾಡ್ಲತ್ತೀರಿ’ ಎನ್ನುತ್ತಾರೆ. ಕಿವಿಗೆ ಸಣ್ಣ ವ್ಯತ್ಯಾಸ, ಆಡುವವರಿಗೆ ಅದು ಊರು. ತನ್ನ ಮನೆಯ ಮಾತು ಪರದೆಯಲ್ಲಿ ಹಾಸ್ಯಕ್ಕಾಗಿ ಅಲ್ಲದೆ, ಅಳುವುದಕ್ಕೆ, ಜಗಳಕ್ಕೆ, ಪ್ರೀತಿಗೆ ಬಳಕೆಯಾದದ್ದನ್ನು ಬಸವಕಲ್ಯಾಣದ ಹುಡುಗಿ ಎಷ್ಟು ಸಲ ಕೇಳಿರಬಹುದು? ವೈಶಾಲಿ ಅವರು ‘ಮೂಡಲ ಮನೆ’ಯಲ್ಲಿ ತೆರೆದ ದಾರಿ ಭೀಮೆಯನ್ನು ದಾಟಿ ಈಚೆಗೆ ಬರಲೇ ಇಲ್ಲ.

ಹುಮನಾಬಾದ್ ಕಡೆಯ ಜಲಸಂಗ್ವಿಯಲ್ಲಿ ಚಾಲುಕ್ಯರ ಕಾಲದ ಒಂದು ಗುಡಿ ಇದೆ. ಅದರ ಹೊರಗೋಡೆಯ ಶಿಲಾಬಾಲಿಕೆಯರಲ್ಲಿ ಒಬ್ಬಳು ಕನ್ನಡಿ ನೋಡುತ್ತಿಲ್ಲ, ಕುಣಿಯುತ್ತಿಲ್ಲ. ಬೆನ್ನು ಬಳುಕಿಸಿ ನಿಂತು ಕೈಯೆತ್ತಿ ಶಾಸನ ಬರೆಯುತ್ತಿದ್ದಾಳೆ; ಆರನೆಯ ವಿಕ್ರಮಾದಿತ್ಯನನ್ನು ಹೊಗಳುವ ಅಕ್ಷರಗಳನ್ನು ಅವಳ ಬೆರಳ ಮುಂದೆ ನಿಜವಾಗಿಯೂ ಕೆತ್ತಲಾಗಿದೆ. ಒಂಬೈನೂರು ವರ್ಷದ ಹಿಂದೆ ಈ ನೆಲದ ಶಿಲ್ಪಿಗೆ ಹೆಣ್ಣಿನ ಕೈಗೆ ಬೇರೊಂದು ಕೆಲಸ ಕೊಡಬಹುದೆಂದು ತೋಚಿತ್ತು. ಅದೇ ನೆಲದ ಬಸವಕಲ್ಯಾಣದಲ್ಲಿ ಶರಣರ ನೆನಪಿನ ಹೊಸ ಅನುಭವ ಮಂಟಪಕ್ಕೆ 2021ರ ಜನವರಿಯಲ್ಲಿ ಅಡಿಗಲ್ಲು ಬಿದ್ದಿದೆ, 770 ಅಮರಗಣಂಗಳ, ಅಂದರೆ ಶರಣರ, ನೆನಪಿಗೆ 770 ಕಂಬಗಳ ಯೋಜನೆ ಅದು. ಅದು ತೆರೆದ ದಿನ ಭಾಷಣಗಳಿಗೆ ಮೊದಲು ‘ಶರ್ಮಿಷ್ಠೆ’ಯಂಥ ಒಂದು ಏಕವ್ಯಕ್ತಿ ನಾಟಕ ಅಲ್ಲಿ ಆಗಲಿ, ಆಡುವ ನಟಿಯನ್ನು ಮಾಜಿ ಸಚಿವೆ ಎಂದು ಕರೆಯದೆ ಕಲಾವಿದೆ ಎಂದೇ ಕರೆದು ರಂಗಕ್ಕೆ ಬಿಡಲಿ. ಎದುರಿನ ಸಾಲಿನಲ್ಲಿ ಸಂಜೆ ಧಾರಾವಾಹಿ ನೋಡುವ ಹೆಣ್ಣುಮಕ್ಕಳು ಕೂರಲಿ. ನಗೆಯ ಮಾರಿತಂದೆಯ ಹೆಸರಿನ ಕಂಬ ಯಾವುದು ಎಂದು ಅವರಿಗೆ ಯಾರಾದರೂ ತೋರಿಸಲಿ.